ಹೊತ್ತು ಮುಳುಗಿದ ಮೇಲೆ ಕವಡೆಯಾಟ

ಅನಂತಮತಿ ಕೂತಲ್ಲಿ ಕೂತವಳೇ ಅಲ್ಲ. ಧಾರವಾಡದ ವಿಶ್ವವಿದ್ಯಾಲಯದವರು ಅವಳಿಗೊಂದು ಕೋಣೆ, ಮೇಜು, ಬೆತ್ತದ ಕುರ್ಚಿ ಎಲ್ಲ ಕೊಟ್ಟಿದ್ದರು. ಆ ಕುರ್ಚಿಯಲ್ಲಿ ಅವಳಿಗಿಂತ ಹೆಚ್ಚಾಗಿ ಜವಾನ ಮುರಿಗೆಪ್ಪನೇ ಕೂತು ತೂಕಡಿಸುತ್ತಿದ್ದ. ಮಕ್ಕಳು ಏನು ತಿನ್ನುತ್ತವೆ, ತಿನ್ನದೆ ಹೋದರೆ ಅವುಗಳ ಮೈಗೆ ಏನಾಗುತ್ತದೆ ಎಂಬುದು ಅವಳ ಸಂಶೋಧನೆ. ಅದನ್ನು ಪುಸ್ತಕದಲ್ಲಿ ಹುಡುಕುವ ತಾಳ್ಮೆ ಅವಳಿಗಿರಲಿಲ್ಲ. ವಾರದ ನಡುವೆಯೇ ಚೀಲ ಹೆಗಲಿಗೇರಿಸಿ ಗೋಕಾಕದ ಬಸ್ಸು ಹಿಡಿಯುವಳು, ಅಲ್ಲಿಂದ ಹುಕ್ಕೇರಿ, ಹುಕ್ಕೇರಿಯಿಂದ ಯಾವುದೋ ಹಳ್ಳಿಗೆ ಕಬ್ಬಿನ ಗಾಡಿ. ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದ ಹೆಣ್ಣು ಎಂದು ಬಳಗದವರು ಆಡಿಕೊಳ್ಳುತ್ತಿದ್ದರು. ಗಂಡಿನ ಕಡೆಯವರು ನೋಡಲು ಬಂದ ದಿನವೂ ಅವಳು ಮನೆಯಲ್ಲಿರಲಿಲ್ಲ; ಮತ್ತೆ ಬರಲು ಅವರಿಗೇನು ಹುಚ್ಚೇ?

ಹುಟ್ಟುತ್ತಲೇ ಯಾರೂ ಹೀಗೆ ಚಡಪಡಿಸುವುದಿಲ್ಲ. ಅವಳ ಚಡಪಡಿಕೆ ಶುರುವಾದದ್ದು ನಲವತ್ತೇಳರ ಆಗಸ್ಟಿನಲ್ಲಿ, ಮೂಡಲಗಿಯ ಬಜಾರದಲ್ಲಿ, ದೇಶವೆಲ್ಲ ಕುಣಿಯುತ್ತಿದ್ದ ಸಂಜೆ.

ಅವರದು ಜೈನರ ಮನೆ. ಹೊತ್ತು ಮುಳುಗುವುದರೊಳಗೆ ಊಟ ಮುಗಿಯಬೇಕು. ಮಳೆಗಾಲದ ನಾಲ್ಕು ತಿಂಗಳು ಚಾತುರ್ಮಾಸದಲ್ಲಂತೂ ದೀಪಕ್ಕೆ ಹುಳ ಬಿದ್ದು ಸಾಯುತ್ತವೆಂದು ತಾಯಿ ಸೀತಾಬಾಯಿ ದೀಪವನ್ನೂ ಬೇಗ ಶಾಂತ ಮಾಡುತ್ತಿದ್ದಳು. ಆ ನಾಲ್ಕು ತಿಂಗಳು ಅವಳು ಸೊಪ್ಪು ಮುಟ್ಟುತ್ತಿರಲಿಲ್ಲ. ಅದು ಅವಳು ಹಿಡಿದ ನೇಮ. ನೆಲದೊಳಗೆ ಬೆಳೆಯುವ ಗಜ್ಜರಿ, ಗೆಣಸು ವರ್ಷವಿಡೀ ಮನೆಯೊಳಗೆ ಬರುತ್ತಿರಲಿಲ್ಲ. ಒಲೆ ಒಂದು, ಗಡಿಗೆ ಒಂದು. ಅವಳು ಉಂಡದ್ದೇ ಮಕ್ಕಳೂ ಉಣ್ಣಬೇಕು. ಆ ವರ್ಷ ತಂದೆ ತೀರಿಕೊಂಡು ಎಮ್ಮೆಯೂ ಮಾರಿಹೋಗಿತ್ತು. ಮಕ್ಕಳ ತಾಟಿನಲ್ಲಿ ರೊಟ್ಟಿ, ಬ್ಯಾಳಿ, ಚಟ್ನಿಪುಡಿ.

ಸ್ವಾತಂತ್ರ್ಯ ಬಂದ ಸಂಜೆ ಮಾತ್ರ ಸೀತಾಬಾಯಿಯ ಕಟ್ಟಳೆ ಸಡಿಲಾಯಿತು. ಸಾಲಿಯ ಮಾಸ್ತರರು ಗ್ಯಾಸ್‌ಬತ್ತಿ ಹೊತ್ತು ಮೆರವಣಿಗೆ ತೆಗೆದಿದ್ದರು. ಹದಿಮೂರರ ಅನಂತಮತಿ ಐದು ವರ್ಷದ ತಮ್ಮ ಧನಪಾಲನ ಕೈ ಹಿಡಿದು ಓಡಿದಳು. ಅವನು ಮೊದಲು ಗಟಾರಕ್ಕೆ ಬಿದ್ದ. ಎತ್ತಿ ನಿಲ್ಲಿಸಿದರೆ ನಿಂತ ಗಾಡಿಯ ನೊಗಕ್ಕೆ ಹಣೆ ಬಡಿದುಕೊಂಡ. ಅವಳಿಗೆ ಸಿಟ್ಟು ಬಂತು. ಮೆರವಣಿಗೆ ಮುಂದೆ ಹೋಗುತ್ತಿತ್ತು.

"ಕಣ್ಣ ಕಾಣಂಗಿಲ್ಲೇನೋ ನಿನಗ?"

"ರಾತ್ರಿ ಯಾರಿಗೂ ಕಾಣಂಗಿಲ್ಲಲ್ಲಕ್ಕಾ," ಅಂದ ಧನಪಾಲ.

ಸುತ್ತಲಿದ್ದವರು ನಕ್ಕರು. ಅವಳು ನಗಲಿಲ್ಲ. ಹುಡುಗ ತಮಾಷೆ ಮಾಡುತ್ತಿರಲಿಲ್ಲ. ರಾತ್ರಿ ಅಂದರೆ ಎಲ್ಲರಿಗೂ ಹಾಗೇ ಎಂದು ಅವನು ನಂಬಿದ್ದ. ಹೊತ್ತು ಮುಳುಗುವುದಕ್ಕೆ ಹಾಸಿಗೆ ಹಾಸುವ ಮನೆಯಲ್ಲಿ ಅದು ಸುಳ್ಳೆಂದು ಅವನಿಗೆ ಹೇಳುವವರು ಯಾರು?

ಮುಂದಿನ ತಿಂಗಳು ಅವನಿಗೆ ದಡಾರ ಎದ್ದಿತು. ದಡಾರ ಇಳಿಯುವ ಹೊತ್ತಿಗೆ ಎರಡೂ ಕಣ್ಣುಗಳ ಮೇಲೆ ಬಿಳಿ ಕೂತಿತ್ತು. ಗೋಕಾಕದಲ್ಲಿದ್ದ ಅಲ್ಲಪ್ಪ ಕಾಕಾ ಹುಡುಗನನ್ನು ಡಾಕ್ಟರರ ಹತ್ತಿರ ಕರೆದುಕೊಂಡು ಹೋದ. ಜೊತೆಗೆ ಅನಂತಮತಿ ಇದ್ದಳು. ಡಾಕ್ಟರರು ಕಣ್ಣಿನ ರೆಪ್ಪೆ ಎತ್ತಿ ನೋಡಿ ಕೈ ತೊಳೆದರು. ದಡಾರ ಕೊನೆಯ ಪೆಟ್ಟು ಅಷ್ಟೆ, ಮೊದಲ ಪೆಟ್ಟು ಊಟದ್ದು ಅಂದರು. ಸೊಪ್ಪು, ಹಾಲು, ತುಪ್ಪ ಯಾವುದೂ ಹೊಟ್ಟೆಗೆ ಬೀಳದ ಕೂಸಿಗೆ ಮೊದಲು ಇರುಳುಗಣ್ಣು ಬರುತ್ತದೆ, ಆಗಲೇ ತಿನ್ನಿಸಿದ್ದರೆ ಉಳಿಯುತ್ತಿದ್ದವು ಅಂದರು.

ಹೊರಗೆ ಬಂದು ಕಾಕಾ ಅವಳ ಮುಂದೆ ಕೈಮುಗಿದ. ದೊಡ್ಡವರು ಸಣ್ಣವರಿಗೆ ಕೈಮುಗಿದದ್ದನ್ನು ಅವಳು ಮೊದಲು ನೋಡಿದ್ದು ಅಂದೇ.

"ಇದನ್ನ ನಿಮ್ಮವ್ವನ ಮುಂದ ಹೇಳಬ್ಯಾಡ ತಂಗಿ. ಗಂಡ ಹೋಗಿ ಇನ್ನಾ ವರ್ಷ ಆಗಿಲ್ಲ. ತನ್ನ ನೇಮಾನ ಮಗನ ಕಣ್ಣ ತಿಂತು ಅಂತ ತಿಳದ್ರ ಬಾವಿ ನೋಡಕೋತಾಳ."

ಅವಳು ಹೇಳಲಿಲ್ಲ. ದಡಾರ ಬಂದು ಕಣ್ಣು ಹೋದವು ಎಂಬ ಮಾತೇ ಮನೆಯಲ್ಲಿ ನಿಂತಿತು. ನುಂಗಿದ ಮಾತು ಹೊಟ್ಟೆಯಲ್ಲಿದ್ದವರಿಗೆ ಕೂರಲು ಎಲ್ಲಿ ಆಗುತ್ತದೆ? ಗೋಕಾಕದಲ್ಲಿ ಕಾಕಾನ ಮನೆಯಲ್ಲಿದ್ದು ಮ್ಯಾಟ್ರಿಕ್ ಮುಗಿಸಿದಳು, ಬೆಳಗಾವಿಯಲ್ಲಿ ರಸಾಯನಶಾಸ್ತ್ರ ಓದಿದಳು, ಮುಂಬಯಿಗೆ ಹೋಗಿ ಆಹಾರಶಾಸ್ತ್ರ ಕಲಿತಳು. ಅಲ್ಲಿ ಇರುಳುಗಣ್ಣಿಗೆ ಔಷಧವಾದ ಮೀನೆಣ್ಣೆಯ ಪರೀಕ್ಷೆ ಮಾಡುವಾಗ ಮೂಗಿಗೆ ಸೆರಗು ಕಟ್ಟಿಕೊಳ್ಳುತ್ತಿದ್ದಳು. ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ ಎಂಬ ಪದ್ಧತಿಯನ್ನು ಅಲ್ಲಿಯೂ ಬಿಡಲಿಲ್ಲ. ಸಿಟ್ಟು ಇದ್ದದ್ದು ಸೊಪ್ಪಿನ ನೇಮದ ಮೇಲೆ ಮಾತ್ರ. ಆ ಸಿಟ್ಟು ವರ್ಷ ಕಳೆದಂತೆ ಇಳಿಯಲಿಲ್ಲ, ಏರಿತು.

ಧಾರವಾಡದಲ್ಲಿ ಕೆಲಸ ಸಿಕ್ಕಾಗ ಅವಳ ಮೇಲಿನವರು ಹತ್ತಿರದ ಹಳ್ಳಿಗಳನ್ನು ಆರಿಸಿಕೋ ಅಂದರು. ಅವಳು ಗೋಕಾಕ, ಮೂಡಲಗಿ, ಹುಕ್ಕೇರಿ ಅಂದಳು. ಅಷ್ಟು ದೂರ ಯಾಕಮ್ಮಾ ಅಂದರೆ, ಅಲ್ಲಿ ನನಗೆ ಭಾಷೆ ತಿಳಿಯುತ್ತದೆ ಎಂದು ಸುಳ್ಳು ಹೇಳಿದಳು. ಧಾರವಾಡದ ಸುತ್ತ ಏನು ಫಾರಸಿ ಮಾತಾಡುತ್ತಿದ್ದರೇ?

ಕೆಲಸ ಮೊದಲ ದಿನವೇ ಕೈಕೊಟ್ಟಿತು. ಇರುಳುಗಣ್ಣು ಹಗಲಿನಲ್ಲಿ ಸಿಕ್ಕುವುದಿಲ್ಲ. ಮುಸ್ಸಂಜೆಯಲ್ಲೇ ಮಗುವನ್ನು ನೋಡಬೇಕು. ಮುಸ್ಸಂಜೆ ಅಂದರೆ ದೀಪ ಹಚ್ಚುವ ಹೊತ್ತು. ಲಕ್ಷ್ಮಿ ಮನೆಗೆ ಬರುವ ಹೊತ್ತು. ಆಗ ಅಳಬಾರದು, ರೋಗದ ಮಾತು ತೆಗೆಯಬಾರದು. ಬೆಲ್ಲದ ಬಾಗೇವಾಡಿಯಲ್ಲಿ ಸತ್ತೆವ್ವ ಎಂಬ ಹೆಂಗಸು ಅವಳನ್ನು ಹೊಸ್ತಿಲಲ್ಲೇ ತಡೆದಳು.

"ದೀಪ ಹಚ್ಚೂ ಹೊತ್ತಿನ್ಯಾಗ ಕುಡ್ಡ ಕಣ್ಣಿನ ಸುದ್ದಿ ತಗೊಂಡ ಬಂದೀರಲ್ರಿ ಬಾಯಾರ! ನಿಮ್ಮ ಮನ್ಯಾಗ ಹಿರ್ಯಾರು ಏನೂ ಹೇಳಿಲ್ಲೇನ್ರಿ? ನಾಳಿ ಮುಂಜಾನಿ ಬರ್ರಿ, ಚಾ ಕುಡದ ಹೋಗ್ರಿ."

ಹಿರಿಯರು ಹೇಳಿದ್ದು ಹೆಚ್ಚಾಗಿಯೇ ಫಜೀತಿಯಾಗಿತ್ತು. ಅವಳು ಆ ರಾತ್ರಿ ಸಾಲಿಯ ಕಟ್ಟೆಯ ಮೇಲೆ ಹಸಿದು ಕೂತು ಯೋಚಿಸಿದಳು. ಮರುದಿನ ಸಂಜೆ ಅದೇ ಹೊಸ್ತಿಲಿಗೆ ಗಿಂಡಿಯಲ್ಲಿ ಎಣ್ಣೆ ಹಿಡಿದು ಬಂದಳು.

"ನಿಮ್ಮ ದೀಪಕ್ಕ ಒಂದೀಟ ಎಣ್ಣಿ ಹಾಕ್ತೇನ್ರಿ ಅವ್ವಾರ."

ದೀಪಕ್ಕೆ ಎಣ್ಣೆ ತಂದವರನ್ನು ಬೇಡ ಅನ್ನುವ ಮನೆ ಯಾವುದು? ಸತ್ತೆವ್ವ ಬಾಯಿ ಮುಚ್ಚಿ ದಾರಿ ಬಿಟ್ಟಳು. ಅನಂತಮತಿ ಎಣ್ಣೆ ಹಾಕಿ, ಕೈಮುಗಿದು, ಮಕ್ಕಳ ಜೊತೆ ನೆಲದ ಮೇಲೆ ಕೂತು ಚೀಲದಿಂದ ಕವಡೆ ತೆಗೆದಳು. ದೀಪದ ಬೆಳಕು ಮಸುಕಾಗಿ ಬೀಳುವ ಮೂಲೆಗೆ ಒಂದು ಕವಡೆ ಎಸೆಯುವುದು, ಯಾರು ಮೊದಲು ತರುತ್ತೀರಿ ಅನ್ನುವುದು. ಕಣ್ಣು ಸರಿಯಿದ್ದ ಮಕ್ಕಳು ಓಡಿ ಹೆಕ್ಕುತ್ತಿದ್ದರು. ಇರುಳುಗಣ್ಣಿನ ಮಗು ನೆಲ ತಡವುತ್ತಿತ್ತು. ರೋಗದ ಹೆಸರಿಲ್ಲ, ಕಣ್ಣಿನ ಸುದ್ದಿಯಿಲ್ಲ, ಬರೀ ಆಟ. ಮರುದಿನ ಬೆಳಗ್ಗೆ ಹೋಗಿ ತಾಯಿಯೊಬ್ಬಳನ್ನೇ ಕರೆದು ಹೇಳುವುದು, ಹಿತ್ತಲಲ್ಲಿ ಒಂದು ನುಗ್ಗೆಯ ಟೊಂಗೆ ನೆಡಿಸುವುದು, ಎಲೆ ಹೆಚ್ಚಿ ಬ್ಯಾಳಿಗೆ ಹಾಕಿಸುವುದು. ಕಣ್ಣು ತೀರ ಕೆಟ್ಟ ಮಕ್ಕಳಿಗೆ ಚೀಲದಲ್ಲಿದ್ದ ಮೀನೆಣ್ಣೆ.

ಕವಡಿ ಬಾಯಾರು ಎಂದು ಅವಳಿಗೆ ಹೆಸರು ಬಿತ್ತು. ಸತ್ತೆವ್ವನೇ ಮುಂದೆ ಬೀಗರ ಮನೆಗಳಿಗೆ ಅವಳನ್ನು ಕರೆದುಕೊಂಡು ಹೋದಳು. ಆಣೆಕಟ್ಟಿನ ಕೆಲಸ ನಡೆದಿದ್ದ ಹಿಡಕಲ್ಲಿನ ಕೂಲಿಗಳ ತಟ್ಟಿ ಮನೆಗಳಲ್ಲಿ, ಗೋಕಾಕದ ಗಿರಣಿಯ ಚಾಳುಗಳಲ್ಲಿ ಅವಳ ಕವಡೆ ಉರುಳಿತು. ಅವಳ ಪ್ರಬಂಧಗಳನ್ನು ದೊಡ್ಡ ಊರುಗಳ ಸಭೆಗಳಲ್ಲಿ ಓದಿದರು. ಅವಳಿಗೆ ಮಾತ್ರ ಸಮಾಧಾನ ಇರಲಿಲ್ಲ. ಒಂದು ಊರಿನಲ್ಲಿ ಇದ್ದಾಗ, ಬಿಟ್ಟು ಬಂದ ಊರಿನಲ್ಲಿ ಯಾವ ಮಗು ಗೋಡೆ ತಡವುತ್ತಿದೆಯೋ ಎಂದು ಎದೆ ಹೊಡೆದುಕೊಳ್ಳುತ್ತಿತ್ತು.

ದೀಪದ ಬುಡದಲ್ಲಿ ಕತ್ತಲು ಅನ್ನುತ್ತಾರೆ. ಇಷ್ಟು ಮನೆಗಳ ದೀಪಕ್ಕೆ ಎಣ್ಣೆ ಹಾಕಿದವಳು ತನ್ನ ಮನೆಯಲ್ಲಿ ಒಂದು ದಿನವೂ ಕವಡೆ ತೆಗೆಯಲಿಲ್ಲ. ಧನಪಾಲ ಪುಂಡಿ ನಾರಿನ ಹಗ್ಗ ಹೊಸೆಯುವುದನ್ನು ಕಲಿತಿದ್ದ. ಮೂಡಲಗಿಯ ರೈತರು ಅವನ ಹಗ್ಗವನ್ನೇ ಕೇಳಿ ಒಯ್ಯುತ್ತಿದ್ದರು. ಅವನಿಗೆ ಕಮಲಾಬಾಯಿ ಎಂಬ ಹುಡುಗಿಯ ಜೊತೆ ಮದುವೆಯಾಗಿ ಕುಸುಮಾ ಎಂಬ ಮಗಳು ಹುಟ್ಟಿದಳು. ಮನೆಗೆ ಮತ್ತೆ ಎಮ್ಮೆ ಬಂದಿತ್ತು, ಆದರೆ ಹಾಲೆಲ್ಲ ಬಜಾರದ ಚಹಾದ ಅಂಗಡಿಗೆ ಹೋಗುತ್ತಿತ್ತು. ಅನಂತಮತಿ ಬಂದಾಗೊಮ್ಮೆ ಮಗುವನ್ನು ಎತ್ತಿ, ಮುದ್ದಾಡಿ, ಮಧ್ಯಾಹ್ನದ ಬಸ್ಸಿಗೆ ಹೊರಡುವಳು. ಹಿತ್ತಲಲ್ಲಿ ನುಗ್ಗೆ ಮಾತ್ರ ನೆಟ್ಟು ಹೋಗಿದ್ದಳು. ಚಾತುರ್ಮಾಸ ಬಂತೆಂದರೆ ಅದರ ಎಲೆಯನ್ನು ಯಾರೂ ಮುಟ್ಟುತ್ತಿರಲಿಲ್ಲ. ಅದನ್ನು ಅವಳು ಬಲ್ಲಳು. ಬಲ್ಲೆ ಎಂದು ಹೇಳಿದರೆ ಹಳೆಯದನ್ನೂ ಹೇಳಬೇಕಾಗುತ್ತದೆ; ಅದಕ್ಕೇ ಬಸ್ಸು ಹಿಡಿಯುತ್ತಿದ್ದಳು.

ಅರವತ್ತಾರರ ಶ್ರಾವಣದಲ್ಲಿ ಹಳ್ಳ ತುಂಬಿ ಬಸ್ಸು ನಿಂತಿತು. ಅವಳು ನಡೆದು ಮನೆ ಮುಟ್ಟುವಾಗ ಹೊತ್ತು ಮುಳುಗಿತ್ತು. ಕಮಲಾಬಾಯಿ ಕಂದೀಲು ಹಿಡಿದು ಬಾಗಿಲು ತೆಗೆದಳು. ಒಳಗಿನಿಂದ "ಅತ್ತಿ!" ಎಂದು ಕುಸುಮಾ ಕೂಗಿದ್ದು ಕೇಳಿಸಿತು. ಮಗು ಓಡಿ ಬರಲಿಲ್ಲ. ಎರಡೂ ಕೈಯಲ್ಲಿ ಗೋಡೆ ಹಿಡಿದು, ಕಾಲಿನಿಂದ ನೆಲ ಸವರುತ್ತ, ಮುಖ ಮೇಲೆತ್ತಿಕೊಂಡು ಬಂತು. ಥೇಟ್ ಧನಪಾಲ ನಡೆಯುವ ಹಾಗೆ.

ಕಮಲಾಬಾಯಿ ಸೆರಗು ಬಾಯಿಗೆ ಒತ್ತಿ ನಕ್ಕಳು. "ನೋಡ್ರಿ ಅಕ್ಕಾರ, ಹೊತ್ತ ಮುಣಗಿತಂದ್ರ ದಿನಾ ಇದ ಆಟ. ಅಪ್ಪನ ನಕಲಿ ಮಾಡ್ತಾಳ."

"ಅಪ್ಪನ ಮಗಳು," ಎಂದು ಸೀತಾಬಾಯಿಯೂ ಹಾಸಿಗೆಯಿಂದ ನಕ್ಕಳು. ಧನಪಾಲನಿಗೆ ಹೆಮ್ಮೆ, ತನ್ನ ನಡಿಗೆಯೂ ಒಬ್ಬರು ಕಲಿಯುವಂಥದಾಯಿತಲ್ಲ!

ಅನಂತಮತಿ ಒದ್ದೆ ಸೀರೆಯಲ್ಲೇ ನೆಲಕ್ಕೆ ಕೂತು, ಚೀಲದಿಂದ ಕವಡೆ ತೆಗೆದು, ಮಗುವಿನ ಕಾಲ ಬಳಿಯೇ ಎಸೆದಳು. ಕುಸುಮಾ ನೆಲ ತಡವಿದಳು. ಅಲ್ಲಿ ತಡವಿದಳು, ಇಲ್ಲಿ ತಡವಿದಳು. ಕವಡೆ ಅವಳ ಮೊಣಕಾಲಿನ ಪಕ್ಕದಲ್ಲೇ ಇತ್ತು.

ಆ ರಾತ್ರಿ ಅವಳು ಮಲಗಲಿಲ್ಲ. ಹೇಳಿದರೆ ತಾಯಿ ಸಾಯುತ್ತಾಳೆ. ಹೇಳದಿದ್ದರೆ ಮಗುವಿನ ಕಣ್ಣು ಹೋಗುತ್ತವೆ. ಚೀಲದಲ್ಲಿ ಮೀನೆಣ್ಣೆಯ ಬಾಟಲಿಯಿತ್ತು. ಯಾರಿಗೂ ಹೇಳದೆ ಕುಡಿಸಿಬಿಟ್ಟರೆ ಎರಡೂ ಉಳಿಯುತ್ತವೆ ಅನಿಸಿತು. ಸಂಶೋಧನೆ ಮಾಡಿದವರ ತಲೆಯೂ ಹೆದರಿಕೆ ಬಂದಾಗ ಕಳ್ಳಬೆಕ್ಕಿನ ತಲೆಯಾಗುತ್ತದೆ.

ಬೆಳಗ್ಗೆ ಹಿತ್ತಲಲ್ಲಿ, ಎಮ್ಮೆಯ ಮರೆಯಲ್ಲಿ, ಮಗುವಿನ ಮೂಗು ಹಿಡಿದು ಎಣ್ಣೆ ಕುಡಿಸಿದಳು. ಕುಸುಮಾ ಅರ್ಧ ನುಂಗಿ ಅರ್ಧ ಅಂಗಿಯ ಮೇಲೆ ಉಗುಳಿ ನೇರ ಅಜ್ಜಿಯ ಮಡಿಲಿಗೆ ಓಡಿದಳು. ಈರುಳ್ಳಿಯ ವಾಸನೆಯನ್ನೇ ಓಣಿಯಾಚೆಯಿಂದ ಹಿಡಿಯುವ ಮೂಗು ಸೀತಾಬಾಯಿಯದು.

"ಕೂಸಿಗೆ ಏನ ಕುಡಿಸಿದಿ?"

"ಔಷಧ ಅವ್ವಾ."

"ಮೀನ ನಾರತೈತಿ!" ಸೀತಾಬಾಯಿ ಮಗುವನ್ನು ದೂರ ಸರಿಸಿ ಎದ್ದಳು. "ಚಾತುರ್ಮಾಸದಾಗ, ನನ್ನ ಮನ್ಯಾಗ, ನನ್ನ ಮೊಮ್ಮಗಳ ಬಾಯಾಗ! ಇದನ್ನ ಕಲ್ಯಾಕ ಹೋಗಿದ್ದಿಯೇನ ಮುಂಬಯಿಗೆ? ಮನಿಗೆ ಮಾರಿ ಊರಿಗೆ ಉಪಕಾರಿ ಅಂತಾರಲ್ಲ, ಅದು ನೀನ ನೋಡು!"

ಮೂಲೆಯಲ್ಲಿ ಹಗ್ಗ ಹೊಸೆಯುತ್ತಿದ್ದ ಧನಪಾಲ ತಲೆ ಎತ್ತಿದ. ಅನಂತಮತಿ ಸುಮ್ಮನಿರಬೇಕೆಂದೇ ತುಟಿ ಕಚ್ಚಿದಳು. ಆದರೆ ಇಷ್ಟು ವರ್ಷ ನುಂಗಿದ್ದು ಆ ಒಂದು ಗಾದೆಗೆ ಕಿತ್ತುಕೊಂಡು ಬಂತು.

"ಹೌದವ್ವಾ, ನಾ ಮಾರಿ. ಊರ ಮಕ್ಕಳ ಕಣ್ಣ ಉಳಿಸಿ ನಮ್ಮ ಮನಿ ಮಕ್ಕಳಿಗೆ ಬಾಯಿ ಮುಚಕೊಂಡ ಕುಂತ ಮಾರಿ. ಕುಸುಮಾ ಅಪ್ಪನ ನಕಲಿ ಮಾಡಾಕತ್ತಿಲ್ಲ. ಹೊತ್ತ ಮುಣಗಿದ್ರ ಅದಕ ಕಣ್ಣ ಕಾಣಂಗಿಲ್ಲ. ಇವನಿಗೂ ಹಿಂಗ ಆಗಿತ್ತು. ಧನಪಾಲನ ಕಣ್ಣ ಬರೇ ದಡಾರ ತಿನ್ನಲಿಲ್ಲ. ಅದಕ್ಕಿಂತ ಮೊದಲ ಹೋಗಾಕತ್ತಿದ್ದವು. ನಿನ್ನ ನೇಮ ಶುರುವಾದ ಮ್ಯಾಲ ಅವನ ತಾಟಿನ್ಯಾಗ ಒಂದ ಎಲಿ ಬೀಳಲಿಲ್ಲ. ಡಾಕ್ಟರು ಹೇಳಿದಾಗ ನಾನೂ ಇದ್ನಿ, ಕಾಕಾನೂ ಇದ್ದ!"

ಧನಪಾಲನ ಕೈಯಲ್ಲಿ ಹಗ್ಗ ನಿಂತಿತ್ತು. ಅನಂತಮತಿಗೆ ತಮ್ಮನ ಮುಖ ನೋಡುವ ಧೈರ್ಯವಾಗಲಿಲ್ಲ.

"ಅಕ್ಕಾ," ಅಂದ ಅವನು ಕೊನೆಗೆ. "ಕುಸುಮಾಗ ಈಗ ತಿನ್ನಿಸಿದ್ರ ಕಣ್ಣ ಬರತಾವೇನು?"

"ಬರತಾವ. ಹೊತ್ತ ಮೀರಿಲ್ಲ."

"ಹಂಗಾರ ಜಗಳ ಯಾಕ ಮಾಡತೀರಿ?" ಅಂದು ಅವನು ಮತ್ತೆ ನಾರು ಹಿಡಿದ. ಆದರೆ ಹೊಸೆಯಲಿಲ್ಲ.

ಸೀತಾಬಾಯಿ ಮಳೆಯಲ್ಲಿ ಹಾಗೆಯೇ ಅಂಗಳ ದಾಟಿದಳು. ಬಾವಿ ಇದ್ದದ್ದು ಬಸದಿಯ ದಾರಿಯಲ್ಲೇ. ಅನಂತಮತಿ ಕಾಕಾನ ಮಾತು ನೆನೆದು ಬರಿಗಾಲಲ್ಲಿ ಹಿಂದೆ ಓಡಿದಳು. ಸೀತಾಬಾಯಿ ಬಾವಿಯತ್ತ ತಿರುಗಿಯೂ ನೋಡದೆ ಬಸದಿಯೊಳಗೆ ಹೋದಳು. ಚಾತುರ್ಮಾಸಕ್ಕೆಂದು ಊರಲ್ಲಿ ನೆಲೆ ನಿಂತಿದ್ದ ವೃದ್ಧ ಮುನಿಗಳು ಅಲ್ಲಿ ಕೂತಿದ್ದರು. ಮಗಳು ಬಾಗಿಲ ಬಳಿಯೇ ನಿಂತಳು.

"ನಮೋಸ್ತು ಮಹಾರಾಜ್," ಅಂದಳು ಸೀತಾಬಾಯಿ ನೆಲಕ್ಕೆ ಹಣೆ ಹಚ್ಚಿ. "ಸೊಪ್ಪಿನ ನೇಮ ನಾ ಹಿಡದೇನ್ರಿ. ಮನ್ಯಾಗಿನ ಸಣ್ಣ ಕೂಸಿಗೂ ಅದು ಹತ್ತತೈತೇನ್ರಿ?"

"ನೇಮ ಹಿಡಿದವರದವ್ವಾ," ಅಂದರು ಮುನಿಗಳು. "ಎಂಟು ವರ್ಷ ತುಂಬದ ಕೂಸಿಗೆ ಯಾವ ನೇಮ? ಅದಕ್ಕೆ ಬೇಕಾದದ್ದು ಉಣಿಸು."

ಸೀತಾಬಾಯಿ ಏಳಲಿಲ್ಲ. ಇನ್ನೊಂದು ಮಾತು ಕೇಳಿದಳು.

"ಇದು ಮೊದಲಿಂದಾನೂ ಹಿಂಗ ಐತೇನ್ರಿ? ಹಿಂದಕೂ?"

"ಮೊದಲಿನಿಂದಲೂ."

ಆಮೇಲೆ ಅವಳು ಕಂಬ ಹಿಡಿದು ಎದ್ದಳು. ಬಾಗಿಲಲ್ಲಿ ಮಗಳನ್ನು ನೋಡಿ, "ನಾ ಕೇಳಿರಲೇ ಇಲ್ಲವ್ವಾ," ಅಂದಳು, "ಒಂದ ದಿನಾನೂ ಕೇಳಿರಲಿಲ್ಲ."

ಅನಂತಮತಿ ಸೆರಗು ಬಿಡಿಸಿ ತಾಯಿಯ ತಲೆಯ ಮೇಲೆ ಹಿಡಿದಳು. ಅವಳೂ ಕೇಳಿರಲಿಲ್ಲವಲ್ಲ! ಇಷ್ಟೆಲ್ಲ ಓದಿ, ಇಷ್ಟು ಊರು ತಿರುಗಿ, ಮನೆಯಿಂದ ಕೂಗಳತೆಯ ಬಸದಿಯಲ್ಲಿ ಒಂದು ಪ್ರಶ್ನೆ ಕೇಳುವುದು ಅವಳಿಗೂ ಹೊಳೆದಿರಲಿಲ್ಲ. ನೇಮದ ಮೇಲೆ ಸಿಟ್ಟು ಇಟ್ಟುಕೊಳ್ಳುವುದರಲ್ಲೇ ಅವಳ ಆಯುಷ್ಯದ ಅರ್ಧ ಹೋಗಿತ್ತು. ಇಬ್ಬರೂ ಒಂದೇ ಸೆರಗಿನ ಕೆಳಗೆ ಮಳೆಯಲ್ಲಿ ಮನೆಗೆ ಬಂದರು.

ಅಂದಿನಿಂದ ಆ ಮನೆಯಲ್ಲಿ ಎರಡು ಗಡಿಗೆ ಬಂದವು. ಸೀತಾಬಾಯಿ ತನ್ನ ನೇಮ ಬಿಡಲಿಲ್ಲ. ಆದರೆ ತಾನೇ ಹಿತ್ತಲಿಗೆ ಹೋಗಿ, ಒಂದೊಂದೇ ಎಲೆ ನೋಡಿ, ಹುಳವಿದ್ದದ್ದನ್ನು ಮೆಲ್ಲಗೆ ಮರಕ್ಕೇ ಬಿಟ್ಟು, ನುಗ್ಗೆ ಸೊಪ್ಪು ಬಿಡಿಸಿ ಮಗುವಿಗೆ ಬೇರೆ ಬೇಯಿಸಿದಳು. ಚಹಾದ ಅಂಗಡಿಯವನಿಗೆ ಹಾಲು ಕಡಿಮೆಯಾಯಿತು, ಅವನು ಗೊಣಗಿದ. ಮೀನೆಣ್ಣೆಯ ವಿಷಯ ಮಾತ್ರ ಅವಳು ಮುನಿಗಳನ್ನು ಕೇಳಿರಲಿಲ್ಲ, ಕೇಳುವ ಇರಾದೆಯೂ ಇರಲಿಲ್ಲ. "ಎಮ್ಮಿ ಹಿಂದ ಕುಡಿಸಿ ಬಾಯಿ ತೊಳಿಸಿ ತಾ, ನಾ ಈ ಕಡೆ ತಿರಗತೇನಿ," ಅಂದಳು.

ಅನಂತಮತಿ ಧಾರವಾಡಕ್ಕೆ ರಜೆಯ ತಂತಿ ಕಳಿಸಿದಳು. ಬೆಳಗ್ಗೆ ಬಸ್ಸಿನ ಸದ್ದು ಕೇಳಿದಾಗ ಕಾಲು ತಾವಾಗಿ ಚಪ್ಪಲಿ ಹುಡುಕುತ್ತಿದ್ದವು. ಅಂಗಳದಲ್ಲಿ ಹಾಕಿದ ಹೆಜ್ಜೆಗೆ ನೆಲ ಸವೆಯಬೇಕಿತ್ತು. ಆದರೂ ಹೋಗಲಿಲ್ಲ.

ಸಂಜೆಯಾದರೆ ಕವಡೆ ಎಸೆಯುವವಳು ಸೀತಾಬಾಯಿ. ಮಗಳ ಕೈಯಿಂದ ಕವಡೆ ಕಸಿದುಕೊಂಡೇ ಇಟ್ಟಿದ್ದಳು. ಹುಳ ಬೀಳದಂತೆ ದೀಪದ ಸುತ್ತ ತೆಳುವಾದ ಅರಿವೆ ಕಟ್ಟಿ, ಮಂದ ಬೆಳಕಿನಲ್ಲಿ ಮೊಮ್ಮಗಳ ಎದುರು ಕೂರುವಳು. ಕುಸುಮಾ ತಡವುವಳು. ಧನಪಾಲ ಗೋಡೆಗೆ ಒರಗಿ ದಿನವೂ ಅದನ್ನೇ ಕೇಳುವನು, "ಸಿಕ್ಕಿತೇನು?" ಸೀತಾಬಾಯಿ ದಿನವೂ ಇಲ್ಲ ಅನ್ನುವಳು.

ಕೊನೆಗೊಂದು ಸಂಜೆ ಕವಡೆ ಉರುಳಿ ಹೊಸ್ತಿಲ ಬಳಿ ನಿಂತಿತು. ಕುಸುಮಾ ನೆಲ ತಡವಲಿಲ್ಲ. ಎದ್ದು ನಡೆದು ಹೋಗಿ, ಬಗ್ಗಿ ಎತ್ತಿಕೊಂಡು, ಅಜ್ಜಿಯ ಕೈಗೆ ತಂದು ಕೊಟ್ಟಳು. ಕೊಟ್ಟು, ಏನೂ ಆಗಿಲ್ಲವೆಂಬಂತೆ, "ಇನ್ನೊಮ್ಮೆ ಒಗಿ ಆಯಿ," ಅಂದಳು.

"ಸಿಕ್ಕಿತೇನು?" ಅಂದ ಧನಪಾಲ.

ಸೀತಾಬಾಯಿ ಮಗನ ಪಕ್ಕಕ್ಕೆ ಸರಿದು ಅವನ ಅಂಗೈ ಬಿಡಿಸಿ, ಕವಡೆ ಇಟ್ಟು, ಬೆರಳು ಮಡಿಸಿದಳು.

"ಈ ಆಟ ನಿನ್ನ ಜೋಡಿ ನಾ ಆಡಲೇ ಇಲ್ಲಪ್ಪಾ."

ಧನಪಾಲ ಕವಡೆಯನ್ನು ಬೆರಳಲ್ಲಿ ತಿರುಗಿಸಿ ನೋಡಿದ. ಆಮೇಲೆ ತಾಯಿಯ ಕೈಗೇ ಹಿಂತಿರುಗಿಸಿದ. "ಈಗ ಒಗಿಯವ್ವಾ. ಆಡೂಣು."

ಅವಳು ಎಸೆದಳು. ಕವಡೆ ಟಕ್ಕೆಂದು ನೆಲಕ್ಕೆ ಬಿದ್ದ ಸದ್ದು ಹಿಡಿದು ಅವನ ಕೈ ನೇರವಾಗಿ ಹೋಗಿ ಅದರ ಮೇಲೇ ಕೂತಿತು. ಕುಸುಮಾ ಚಪ್ಪಾಳೆ ತಟ್ಟಿ ಕುಣಿದಳು. "ಅಪ್ಪಗೂ ಕಾಣತೈತಿ! ಆಯಿ, ಅಪ್ಪಗೂ ಕಾಣತೈತಿ!"

ದೀಪ ಹಚ್ಚುವ ಹೊತ್ತಿನಲ್ಲಿ ಮನೆಯಲ್ಲಿ ಅಳಬಾರದು. ಸೀತಾಬಾಯಿ ಬಾಯಿಬಿಟ್ಟು ಅತ್ತಳು. ಅನಂತಮತಿ ಬಂದು ತಾಯಿಯ ಪಕ್ಕದಲ್ಲಿ ಕೂತಳು. ಅಳುವುದು ಬೇಡ ಎಂದು ಯಾರೂ ಅನ್ನಲಿಲ್ಲ.